ಬೆಳಗಾವಿ ಮನಿಗೆ ಪೋರ್ಚುಗೀಸರ ಕಾನೂನು ಹೆಂಗ ಬರತೈತ್ರಿ?

ಬೆಳಗಾವಿ_ಕುಂದಾ:
ನಮಸ್ಕಾರ್ರಿ ಎಲ್ಲಾರಿಗೂ. ಮನ್ಯಾಗ ಎಂಟ್ ದಿನದಿಂದ ಒಂದ ಜಗಳ ನಡದೈತಿ. ಕಾಯ್ದೆ ತಿಳದವರು ಇದ್ರ ಸ್ವಲ್ಪ ಬಿಡಿಸಿ ಹೇಳ್ರಿ.

ನಮ್ಮ ಅಕ್ಕನ್ನ ಗೋವಾದ ಮಡಗಾಂವಕ್ಕ ಕೊಟ್ಟೇವಿ. ಅಕಿ ಮಾವ 1985ರಾಗ ಬೆಳಗಾವಿ ಟಿಳಕವಾಡಿಯೊಳಗ ಒಂದ್ ಮನಿ ತಗೊಂಡಿದ್ರು. ಸ್ವಂತ ದುಡಿಮಿ ರೊಕ್ಕಾ, ಖರೇದಿ ಪತ್ರ ಅವರ ಒಬ್ಬರ ಹೆಸರಿಲೆ, ಉತಾರದಾಗೂ ಅವರದ ಹೆಸರು. 2014ರಾಗ ತೀರಕೊಂಡ್ರು. ಹೋಗೂಕಿಂತ ಮೊದಲ ಮೃತ್ಯುಪತ್ರ ಬರದು ಪೂರ್ತಿ ಮನಿ ಸಣ್ಣ ಮಗಗ, ಅಂದ್ರ ಅಕ್ಕನ ಮೈದುನಗ, ಕೊಟ್ಟಾರ. ಅಂವ ಬೆಳಗಾವ್ಯಾಗ ಇರ್ತಾನ. ಈಗ ಮನಿ ಮಾರಾಕ ಹೊಂಟಾನ, ಗಿರಾಕಿನೂ ಬಂದಾನ.

ನಮ್ಮ ಭಾವ ಮಡಗಾಂವದಾಗ ಒಬ್ಬ ವಕೀಲರನ್ನ ಕೇಳಿದ್ರ, "ಈ ಮೃತ್ಯುಪತ್ರ ಪೂರ್ತಿ ನಡೆಯೂದಿಲ್ಲ, ಗೋವಾದವರಿಗೆ ಪೋರ್ಚುಗೀಸ್ ಸಿವಿಲ್ ಕೋಡ್, ಅರ್ಧಾ ಮನಿ ಮದುವಿ ದಿನದಿಂದನ ನಿಮ್ಮ ತಾಯೀದು" ಅಂದ್ರಂತ. ಇಲ್ಲಿ ಬೆಳಗಾವಿ ವಕೀಲರು ನಕ್ಕಬಿಟ್ರು. "ಮನಿ ಕರ್ನಾಟಕದ ಮಣ್ಣಿನ ಮ್ಯಾಲ ಐತಿ, ಮಂದಿ ಹಿಂದೂ, ಸ್ವಯಾರ್ಜಿತ ಆಸ್ತಿ, ಯಾರಿಗೆ ಬೇಕಾದ್ರೂ ಬರೀಬಹುದು" ಅಂತಾರ.

ಯಾರದು ಖರೆ? ಪೋರ್ಚುಗೀಸರು 1961ರಾಗ ಗಂಟು ಕಟ್ಟಿದ್ರು. ಅವರ ಕಾನೂನು ಇವತ್ತು ಬೆಳಗಾವಿ ಮನಿಗೆ ಹೆಂಗ ಬರತೈತ್ರಿ?

ಮಂಡ್ಯಬೆಲ್ಲ:
ಬೆಳಗಾವಿ ಲಾಯರ್ರೇ ಸರಿ ಕಣ್ರೀ. ಅವರು ಹೋದ ದಿನಾನೇ ಅವರ ಕಾನೂನೂ ಹಡಗು ಹತ್ತಿರುತ್ತೆ. ಇಲ್ದಿದ್ರೆ ನಾವೂ ಟಿಪ್ಪು ಕಾಲದ ಕಂದಾಯ ಕಟ್ಟಬೇಕಾಗಿತ್ತು.

ಐಟಿಆರ್_ಸಂಕಟ:
ಹಡಗು ಹತ್ತಿಲ್ಲ ಸ್ವಾಮಿ. ಪ್ರತಿ ವರ್ಷ ಆದಾಯ ತೆರಿಗೆ ರಿಟರ್ನ್ ತುಂಬೋವಾಗ "ನೀವು ಪೋರ್ಚುಗೀಸ್ ಸಿವಿಲ್ ಕೋಡ್‌ಗೆ ಒಳಪಟ್ಟವರೇ?" ಅಂತ ಒಂದು ಪ್ರಶ್ನೆ ಬರುತ್ತಲ್ಲ, ನಾವೆಲ್ಲ ಓದದೇ "ಇಲ್ಲ" ಒತ್ತಿ ಮುಂದೆ ಹೋಗ್ತೀವಲ್ಲ, ಅದು ಇದೇ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 5ಎ. ಗೋವಾದ ಗಂಡ ಹೆಂಡತಿಗೆ ಬಾಡಿಗೆ, ಬಡ್ಡಿ, ವ್ಯಾಪಾರದ ಆದಾಯ ಸಮಪಾಲು ಮಾಡಿ ಇಬ್ಬರ ಲೆಕ್ಕದಲ್ಲೂ ತೋರಿಸಬೇಕು. ಸಂಬಳ ಮಾತ್ರ ದುಡಿದವರದ್ದೇ. ನಮ್ಮ ಆಫೀಸಿಗೆ ಪೋಂಡಾದಿಂದ ಒಬ್ಬರು ಬಂದಾಗಲೇ ನನಗೂ ಇದು ಗೊತ್ತಾಗಿದ್ದು.

ಮಂಡ್ಯಬೆಲ್ಲ:
ಅಯ್ಯೋ, ಅದನ್ನ ನಾನು ಯಾವುದೋ ಹಳೇ ಫಾರಂ ತಪ್ಪು ಅಂದ್ಕೊಂಡಿದ್ದೆ!

ಹಳೇಕರಿಕೋಟು:
ಕುಂದಾ ಅವರೇ, ನಿಮ್ಮ ಬೆಳಗಾವಿ ವಕೀಲರು ನಕ್ಕಿದ್ದು ಸ್ವಲ್ಪ ಬೇಗ ಆಯಿತು.

ಒಂದು ನೆಲ ಒಂದು ದೇಶದಿಂದ ಇನ್ನೊಂದಕ್ಕೆ ಸೇರಿದಾಗ ಅಲ್ಲಿನ ಖಾಸಗಿ ಕಾನೂನು, ಅಂದರೆ ಮದುವೆ, ಆಸ್ತಿ, ವಾರಸುದಾರಿಕೆ, ತಾನಾಗಿ ಸಾಯುವುದಿಲ್ಲ. ಹೊಸ ಸರ್ಕಾರ ಬದಲಿಸುವವರೆಗೆ ಇರುತ್ತದೆ. ಗೋವಾದ ವಿಷಯದಲ್ಲಿ ಇದನ್ನು ಊಹೆಗೆ ಬಿಡದೆ ಬರೆದೇ ಇಟ್ಟರು. 1961ರ ಡಿಸೆಂಬರ್ 19ಕ್ಕೆ ಪೋರ್ಚುಗೀಸ್ ಗವರ್ನರ್ ಜನರಲ್ ಶರಣಾದ. ಸಂವಿಧಾನದ 12ನೇ ತಿದ್ದುಪಡಿ ಮಾಡಿ ಡಿಸೆಂಬರ್ 20ರಿಂದಲೇ ಗೋವಾ, ದಮನ್, ದಿಯು ಕೇಂದ್ರಾಡಳಿತ ಪ್ರದೇಶ ಎಂದರು. 1962ರ ಆಡಳಿತ ಕಾಯ್ದೆಯ 5ನೇ ಸೆಕ್ಷನ್ ಹೇಳಿದ್ದು ಇಷ್ಟೇ: ಆ ದಿನದ ಹಿಂದೆ ಜಾರಿಯಲ್ಲಿದ್ದ ಕಾನೂನುಗಳೆಲ್ಲ, ಶಾಸನಸಭೆ ತೆಗೆಯುವವರೆಗೆ ಮುಂದುವರಿಯುತ್ತವೆ. ಹಾಗೆ ಉಳಿದುಕೊಂಡಿದ್ದು 1867ರ ಪೋರ್ಚುಗೀಸ್ ಸಿವಿಲ್ ಕೋಡ್. ತಮಾಷೆ ಏನೆಂದರೆ ಪೋರ್ಚುಗಲ್ ತಾನೇ 1966ರಲ್ಲಿ ಹೊಸ ಕೋಡ್ ಮಾಡಿಕೊಂಡು ಹಳೆಯದನ್ನು ಬಿಟ್ಟಿತು. ಗೋವಾದಲ್ಲಿ ಹಳೆಯದೇ ನಡೆಯಿತು.

ಇನ್ನು ನಿಮ್ಮ ಪ್ರಶ್ನೆ. ಗೋವಾದವರ ಆಸ್ತಿ ಗೋವಾದ ಹೊರಗಿದ್ದರೆ? ಇದೇ ತಕರಾರು ಮುಂಬೈನ ಒಂದು ಮನೆ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋಗಿ 2019ರ ಸೆಪ್ಟೆಂಬರ್‌ನಲ್ಲಿ ತೀರ್ಪಾಯಿತು. ಕೋಡ್ ಹುಟ್ಟಿದ್ದು ಹೊರದೇಶದಲ್ಲಾದರೂ 1962ರ ಕಾಯ್ದೆಯಿಂದ ಅದು ಭಾರತದ್ದೇ ಕಾನೂನಾಗಿದೆ, ಆದ್ದರಿಂದ ವಿದೇಶಿ ಕಾನೂನು ಅಡ್ಡ ಬಂದಾಗ ಹಚ್ಚುವ "ಮನೆ ಇದ್ದ ಕಡೆಯ ಕಾನೂನೇ" ಎನ್ನುವ ನಿಯಮ ಇಲ್ಲಿ ಹಚ್ಚುವಂತಿಲ್ಲ, ಗೋವಾ ನಿವಾಸಿಯ ಆಸ್ತಿ ಭಾರತದ ಯಾವ ಮೂಲೆಯಲ್ಲಿದ್ದರೂ ವಾರಸುದಾರಿಕೆ ಅದರ ಪ್ರಕಾರವೇ ಎಂದರು. ಟಿಳಕವಾಡಿಗೂ ಅದು ಅನ್ವಯ.

ಬೆಳಗಾವಿ_ಕುಂದಾ:
ಅಯ್ಯ! ಹಂಗಾರ ಅತ್ತಿ ಹೆಸರು ಖರೇದಿ ಪತ್ರದಾಗ ಇಲ್ಲದಿದ್ರೂ ಅರ್ಧಾ ಅವರದೇನ್ರಿ? ಲೆಕ್ಕ ಹೆಂಗ ಬೀಳತೈತಿ? ಮಕ್ಕಳು ಇಬ್ಬರ ಅದಾರ, ನಮ್ಮ ಭಾವ ಮತ್ತ ಮೈದುನ.

ಹಳೇಕರಿಕೋಟು:
ಮದುವೆಗೆ ಮೊದಲು ನೋಟರಿ ಮುಂದೆ ಬೇರೆ ಕರಾರು ಆಗಿಲ್ಲ ಅಂತ ಇಟ್ಟುಕೊಳ್ಳಿ. ಆಗ ಗಂಡ ಹೆಂಡತಿ ಆಸ್ತಿ ಒಂದೇ ರಾಶಿ, ಇಬ್ಬರಿಗೂ ಅರ್ಧರ್ಧ. ಹಳೇ ಕಾಲದ ಆಣೆ ಲೆಕ್ಕದಲ್ಲಿ ಹೇಳ್ತೀನಿ. ಮನೆ ಹದಿನಾರಾಣೆ. ಎಂಟಾಣೆ ಅತ್ತೆಯವರದ್ದು, ಅದನ್ನು ಮಾವ ಬರೆಯೋಕೆ ಬರುವುದೇ ಇಲ್ಲ. ಮಾವನ ಎಂಟಾಣೆಯಲ್ಲಿ ನಾಲ್ಕಾಣೆ ಮಾತ್ರ ಮನಸ್ಸು ಬಂದವರಿಗೆ ಬರೆಯಬಹುದು. ಉಳಿದ ನಾಲ್ಕಾಣೆ ಮಕ್ಕಳಿಗೆ ಕಡ್ಡಾಯ ಪಾಲು. ಹಾಗಾದರೆ ಸಣ್ಣ ಮಗನಿಗೆ ನಾಲ್ಕು ಕೂಡಿಸು ಎರಡು ಆರಾಣೆ, ನಿಮ್ಮ ಭಾವನಿಗೆ ಎರಡಾಣೆ, ತಾಯಿಗೆ ಎಂಟಾಣೆ.

ಇದು ವೇದಿಕೆಯ ಮಾತು, ಕಾಗದ ನೋಡದೆ ಹೇಳಿದ್ದು. ಕೋರ್ಟಿಗೆ ಹೋಗುವ ಮೊದಲು ಎರಡೂ ಕಡೆಯ ಕಾನೂನು ಗೊತ್ತಿದ್ದವರಿಗೆ ತೋರಿಸಿ.

ಪೋಂಡಾ_ಕನ್ನಡಿಗ:
ಸಣ್ಣ ತಿದ್ದುಪಡಿ ಸರ್. ಗೋವಾ ಈಗ ಸ್ವಂತ ಕಾಯ್ದೆ ಮಾಡಿಕೊಂಡಿದೆ, 2012ರದ್ದು, ಜಾರಿಗೆ ಬಂದದ್ದು 2016ರ ಡಿಸೆಂಬರ್‌ನಲ್ಲಿ. ವಾರಸುದಾರಿಕೆ, ನೋಟರಿ, ಪಾಲುಪಟ್ಟಿ ಎಲ್ಲ ಅದರೊಳಗೆ. ಇವರ ಮಾವ 2014ರಲ್ಲಿ ತೀರಿಕೊಂಡದ್ದರಿಂದ ಹಳೇ ಕೋಡೇ. ಅರ್ಧ ಕಡ್ಡಾಯ ಪಾಲು ಅನ್ನುವುದು ಹೊಸದರಲ್ಲೂ ಇದೆ.

ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದೇನೆ. ಇಲ್ಲಿ ಜಾಗ ಕೊಳ್ಳುವಾಗ ಮಾರುವವನ ಹೆಂಡತಿಯ ಸಹಿ ಇಲ್ಲದೆ ಯಾರೂ ಮುಂಗಡ ಕೊಡುವುದಿಲ್ಲ. ಕುಂದಾ ಅವರೇ, ನಿಮ್ಮ ಗಿರಾಕಿಗೆ ಇದು ಗೊತ್ತೋ ಇಲ್ಲವೋ ವಿಚಾರಿಸಿ.

ಹಳೇಕರಿಕೋಟು:
ಸರಿ ಹೇಳಿದಿರಿ ಪೋಂಡಾ ಅವರೇ. 2012ರದ್ದು ನಾನು ಹೇಳಬೇಕಿತ್ತು.

ಅಡಿಕೆಮನೆ_ಸುಮ:
ನಾನೊಂದು ಕೇಳಲಾ? ಇಷ್ಟು ಹೊತ್ತು ಅಣ್ಣ ತಮ್ಮಂದಿರ ಪಾಲು ಲೆಕ್ಕ ಹಾಕಿದ್ರಿ. ದೊಡ್ಡ ಪಾಲು ಆ ಅಮ್ಮನದ್ದು ಅಂತಾಯ್ತಲ್ಲ. ಅವರನ್ನ ಯಾರಾದ್ರೂ ಕೇಳಿದ್ರಾ?

ಬೆಳಗಾವಿ_ಕುಂದಾ:
ಇಲ್ಲರಿ. ಅತ್ತಿಗೆ 82. ಮೈದುನನ ಮನ್ಯಾಗ ಅದಾರ. ಮಾರೂ ಸುದ್ದಿನೂ ಅವರಿಗೆ ಗೊತ್ತಿದ್ದಂಗಿಲ್ಲ.

ಅಡಿಕೆಮನೆ_ಸುಮ:
ಮೊದಲು ಅವರಿಗೆ ಹೇಳಿ. ಕೋಡು ಗೀಡು ಆಮೇಲೆ.

ಕಲಬುರ್ಗಿ_ತೊಗರಿ:
ಇದ ನಮ್ಮ ಕಡಿಗೂ ಆಗ್ಯದರಿ. ನಮ್ಮ ಮುತ್ಯಾನ ಹೊಲದ ಕಾಗದ ಎಲ್ಲಾ ಉರ್ದುದಾಗ ಅವ, ಮ್ಯಾಲ ನಿಜಾಮನ ಕಾಲದ ಫಸಲಿ ಇಸ್ವಿ. 1349 ಫಸಲಿ ಅಂತ ಬರ್ದಿದ್ದು ನೋಡಿ ನಮ್ಮ ತಮ್ಮ "ಆರುನೂರು ವರ್ಷದ ಹಳಿ ಕಾಗದ, ಮ್ಯೂಸಿಯಂಗ ಕೊಡಮು" ಅಂದಿದ್ದ. 590 ಕೂಡಿಸ್ರಿ, 1939 ಬರ್ತದ!

ನಿಜಾಮ 1947ರ ನವೆಂಬರ್ 29ಕ್ಕ ಯಥಾಸ್ಥಿತಿ ಒಪ್ಪಂದ ಮಾಡ್ಕೊಂಡ, ವಿಲೀನ ಅಲ್ಲ. 1948ರ ಆಗಸ್ಟಿನಾಗ ವಿಶ್ವಸಂಸ್ಥೆಗಿ ದೂರು ಕೊಟ್ಟ. ಸೆಪ್ಟೆಂಬರ್ 13ಕ್ಕ ಸೈನ್ಯ ಬಂತು, 17ಕ್ಕ ಮುಗೀತು. ಖರೇವಂದ್ರ ಭಾರತದ ಸಂವಿಧಾನ ಒಪ್ಪಿ ಫರ್ಮಾನು ಹೊರಡಿಸಿದ್ದು 1949ರ ನವೆಂಬರ್ 23ಕ್ಕ. ನಡುವಿನ ಹದಿನಾಲ್ಕು ತಿಂಗಳು ನಾವು ಯಾವ ದೇಶದಾಗ ಇದ್ದಿವಿ ಅಂತ ಮುತ್ಯಾನ್ನ ಕೇಳಿದ್ರ, "ಹೊಲದಾಗ ಇದ್ದೆ" ಅಂತಿದ್ದ.

ನಿಜಾಮನ ರೊಕ್ಕ ಬ್ಯಾರೆ. ನಮ್ಮ ಕಡಿ ಹಾಲಿ ಸಿಕ್ಕಾ ನಡೀತಿತ್ತು. ಏಳು ಹಾಲಿಗೆ ಆರು ಕಲ್ದಾರ್, ಅಂದ್ರ ಬ್ರಿಟಿಷ್ ಭಾರತದ ರೂಪಾಯಿ. ಸೈನ್ಯ ಬಂದ ಮ್ಯಾಲೂ ಕೆಲವು ವರ್ಷ ಎರಡೂ ನಡದವಂತ. ಮುತ್ಯಾ ಸಾಯೋತನ ಲೆಕ್ಕಾ ಹೇಳೋವಾಗ "ಹಾಲೀನೋ ಕಲ್ದಾರೋ" ಅಂತ ಕೇಳ್ತಿದ್ದ.

ನಕ್ಷೆಹುಚ್ಚ:
ಹೈದರಾಬಾದ್ ಅಂದ ಮೇಲೆ ಲಂಡನ್ ಬ್ಯಾಂಕಿನ ದುಡ್ಡು ಬಿಡೋದು ಹೇಗೆ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಹಣಕಾಸು ಮಂತ್ರಿ 10,07,940 ಪೌಂಡ್ 9 ಶಿಲ್ಲಿಂಗನ್ನ ಲಂಡನ್‌ನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹಾಕಿಬಿಟ್ಟ. ನಿಜಾಮ ವಾಪಸ್ ಕೇಳಿದ, ಬ್ಯಾಂಕ್ ಕೊಡಲಿಲ್ಲ. ಸಾರ್ವಭೌಮ ರಾಷ್ಟ್ರದ ಮೇಲೆ ದಾವೆ ನಡೆಯಲ್ಲ ಅಂತ 1957ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಹೇಳ್ತು. ದುಡ್ಡು ಅಲ್ಲೇ ಕೂತು ಬಡ್ಡಿ ಬೆಳೀತು. 2013ರಲ್ಲಿ ಪಾಕಿಸ್ತಾನ ತಾನೇ ದಾವೆ ಹಾಕಿ ಆ ರಕ್ಷಣೆ ಕಳಕೊಂಡ್ತು. 2019ರ ಅಕ್ಟೋಬರ್ 2ಕ್ಕೆ ತೀರ್ಪು ಭಾರತ ಮತ್ತು ನಿಜಾಮನ ಮೊಮ್ಮಕ್ಕಳ ಕಡೆ. ಅಷ್ಟೊತ್ತಿಗೆ ಅದು ಸುಮಾರು ಮೂರೂವರೆ ಕೋಟಿ ಪೌಂಡ್.

ಮಂಡ್ಯಬೆಲ್ಲ:
ಒಂಬತ್ತು ಶಿಲ್ಲಿಂಗ್ ಯಾಕೆ ಬಿಟ್ಟಿಲ್ಲ ಅವನು?

ನಕ್ಷೆಹುಚ್ಚ:
ಖಾತೆ ಪೂರ್ತಿ ತೊಳೆದಿದ್ದಾನೆ ಅಂತ ಅರ್ಥ.

ಬಂಟ್ವಾಳದ_ಬಾಬು:
ಮಾರಾಯ್ರೆ, ಗೋವಾ ಹೈದರಾಬಾದ್ ಯಾಕೆ ಹೋಗ್ತೀರಿ? ನಮ್ಮ ಕರ್ನಾಟಕವೇ ಐದು ಹೊಲಿಗೆಯ ಅಂಗಿ. 1956ರ ನವೆಂಬರ್ 1ಕ್ಕೆ ಮೈಸೂರು, ಮದ್ರಾಸಿಂದ ನಾವು, ಮುಂಬೈಯಿಂದ ಬೆಳಗಾವಿ ಧಾರವಾಡ ಕಡೆ, ಹೈದರಾಬಾದಿಂದ ಕಲಬುರ್ಗಿ ಕಡೆ, ಮತ್ತೆ ಕೊಡಗು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲೂ ಅದೇ ಮಾತು ಉಂಟು, 119ನೇ ಸೆಕ್ಷನ್: ಎಲ್ಲಿ ಯಾವ ಕಾನೂನು ಇತ್ತೋ ಅಲ್ಲಿ ಅದೇ ಮುಂದುವರಿಯಲಿ.

ಅಜ್ಜ ದೇವಸ್ಥಾನದ ಮೊಕ್ತೇಸರರಾಗಿದ್ದರು. ಕರ್ನಾಟಕ ಆಗಿ ಎಷ್ಟೋ ವರ್ಷ ಆದರೂ ನಮ್ಮ ದೇವಸ್ಥಾನಕ್ಕೆ ಮದ್ರಾಸಿನ 1951ರ ಕಾಯ್ದೆ. ಮೈಸೂರಿನ ದೇವರಿಗೆ 1927ರದ್ದು, ಕಲಬುರ್ಗಿ ಕಡೆ ದೇವರಿಗೆ ತೊಗರಿಯವರು ಹೇಳಿದ ಅದೇ 1349 ಫಸಲಿ ನಿಯಮ, ಕೊಡಗಿನ ದೇವರಿಗೆ ಬೇರೆಯೇ. ಎಲ್ಲವನ್ನೂ ಒಂದು ಮಾಡುವ ಕಾಯ್ದೆ ಬಂದದ್ದು 1997ರಲ್ಲಿ, ಜಾರಿಯಾದದ್ದು 2003ರಲ್ಲಿ. ದೇವರೇ 47 ವರ್ಷ ಕಾದರು, ನಿಮ್ಮ ಮನೆ ಯಾವ ಲೆಕ್ಕ.

ಕೊಡಗಿನ_ಏಲಕ್ಕಿ:
ಕೊಡಗಿನದ್ದು ಇನ್ನೂ ಮಜಾ ಇದೆ. 1834ರಲ್ಲಿ ಬ್ರಿಟಿಷರು ರಾಜನನ್ನು ಇಳಿಸಿದರು. ಅವನ ಕಾಲದ ಜಮ್ಮಾ, ಅಂದರೆ ವಂಶಪಾರಂಪರ್ಯದ ಹಿಡುವಳಿ ಉಳಿಯಿತು. ಆಮೇಲೆ ನಾವು ಸ್ವತಂತ್ರ ಭಾರತದ ಸಿ ವರ್ಗದ ರಾಜ್ಯ, ಆಮೇಲೆ ಮೈಸೂರು ರಾಜ್ಯ, ಆಮೇಲೆ ಕರ್ನಾಟಕ. ಗದ್ದೆಗೆ ಹೊಂದಿಕೊಂಡ ಕಾಡು ಜಾಗ, ಜಮ್ಮಾ ಬಾಣೆ, ಯಾರದ್ದು ಅಂತ ಇವತ್ತಿಗೂ ತಾಲೂಕು ಕಚೇರಿ ಮೆಟ್ಟಿಲು ಸವೆಸ್ತಿದ್ದೇವೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯೂ ಹಾಗೇ. ಬ್ರಿಟಿಷರು ಕೊಟ್ಟಿದ್ದು, ಸ್ವತಂತ್ರ ಭಾರತ ಮುಂದುವರಿಸಿತು, ಈಗ 2029ರವರೆಗೆ ಇದೆ.

ಮಂಡ್ಯಬೆಲ್ಲ:
ಹಳೇ ಕಾಗದ ಉಳೀತದೆ ಅಂತ ಎಲ್ರೂ ಖುಷಿ ಪಡ್ತಿದೀರ. ನಮ್ಮ ಕಡೆ ಬಂದು ಹೇಳಿ ನೋಡೋಣ. 1892 ಮತ್ತೆ 1924ರ ಕಾವೇರಿ ಒಪ್ಪಂದ ಮಾಡಿದ್ದು ಯಾರು? ಒಂದು ಕಡೆ ಬ್ರಿಟಿಷರ ಮದ್ರಾಸು, ಇನ್ನೊಂದು ಕಡೆ ಅವರ ಕೈಕೆಳಗಿನ ಮೈಸೂರು. ಯಜಮಾನ ಆಳಿನ ಕೈಲಿ ಸಹಿ ಹಾಕಿಸ್ಕಂಡ ಹಂಗೆ. ಬ್ರಿಟಿಷರು ಹೋದ ಮೇಲೂ ಅದು ನಮ್ಮ ಕುತ್ತಿಗೆಗೆ ಯಾಕ್ರೀ?

ಹಳೇಕರಿಕೋಟು:
ಇದೇ ವಾದವನ್ನು ಕರ್ನಾಟಕ ಸುಪ್ರೀಂ ಕೋರ್ಟಿನಲ್ಲಿ ಮಾಡಿತು. 1947ರಲ್ಲಿ ಬ್ರಿಟಿಷ್ ಪರಮಾಧಿಕಾರ ಹೋಯಿತು, ಜೊತೆಗೆ ಒಪ್ಪಂದವೂ ಹೋಯಿತು ಅಂತ. 2018ರ ಫೆಬ್ರವರಿ 16ರ ತೀರ್ಪು ಒಪ್ಪಲಿಲ್ಲ. ಇವು ರಾಜಕೀಯ ಒಪ್ಪಂದಗಳಲ್ಲ, ನೀರಿನ ಬಳಕೆಯ ಒಪ್ಪಂದಗಳು, ಹಾಗಾಗಿ ಉಳಿದವು ಎಂದಿತು. ಆದರೆ 1924ರದ್ದು ಐವತ್ತು ವರ್ಷದ್ದು, 1974ಕ್ಕೆ ಮುಗಿಯಿತು ಎಂದೂ ಹೇಳಿತು. ಕೊನೆಗೆ ನಮಗೆ 14.75 ಟಿಎಂಸಿ ಹೆಚ್ಚಿಸಿ 284.75 ಮಾಡಿದರು.

ಮಂಡ್ಯಬೆಲ್ಲ:
ತೀರ್ಪು ಗೊತ್ತು ಸ್ವಾಮಿ. ಅದು ಸರಿಯಾ ಅಂತ ನಾನು ಕೇಳ್ತಿರೋದು.

ಹಳೇಕರಿಕೋಟು:
ನನ್ನ ಅಭಿಪ್ರಾಯ ಬೇಕಾ? ಒತ್ತಡದಲ್ಲಿ ಆದ ಒಪ್ಪಂದ ಅನ್ನೋದು ನಿಜ. ಆದರೆ ಅದೇ ಮಾತು ಹಿಡಿದರೆ ಸಂಸ್ಥಾನಗಳ ವಿಲೀನ ಪತ್ರಗಳ ಮೇಲೂ ಒಬ್ಬ ಬೆರಳು ತೋರಿಸುತ್ತಾನೆ. ಯಾವ ಕೋರ್ಟೂ ಆ ಬಾಗಿಲು ತೆಗೆಯುವುದಿಲ್ಲ.

ಇನ್ನೊಂದು ಗಮನಿಸಿ. "ಹಳೆಯದೆಲ್ಲ ಉಳಿಯುತ್ತದೆ" ಅನ್ನುವುದೂ ತಪ್ಪು. ಕಾನೂನು ಉಳಿಯುತ್ತದೆ, ಹಳೇ ದೊರೆ ಕೊಟ್ಟ ದಾನ ಉಳಿಯಲೇಬೇಕೆಂದಿಲ್ಲ. ಗುಜರಾತ್ ಕಡೆ ಸಂತ್ ಅಂತ ಒಂದು ಸಂಸ್ಥಾನ. ಅದರ ರಾಜ 1948ರ ಮಾರ್ಚ್ 12ಕ್ಕೆ, ವಿಲೀನಕ್ಕೆ ಒಂದು ವಾರ ಮೊದಲು, ಕಾಡಿನ ಹಕ್ಕನ್ನೆಲ್ಲ ಜಾಗೀರದಾರರಿಗೆ ಬರೆದುಕೊಟ್ಟುಬಿಟ್ಟ. ಮರ ಕೊಂಡ ಕಂಟ್ರಾಕ್ಟರುಗಳು ಕೋರ್ಟಿಗೆ ಬಂದರು. 1964ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ಹೇಳಿತು: ಹಳೇ ದೊರೆ ಕೊಟ್ಟ ಹಕ್ಕನ್ನು ಹೊಸ ಸರ್ಕಾರ ಮಾನ್ಯ ಮಾಡಿದರೆ ಮಾತ್ರ ಹಕ್ಕು. ಅದಕ್ಕೆ ಹತ್ತು ವರ್ಷ ಮೊದಲು, 1954ರಲ್ಲಿ, ಇದೇ ಕೋರ್ಟು ಉತ್ತರ ಪ್ರದೇಶದ ಹಳ್ಳಿಗಳ ಮೊಕದ್ದಮೆಯಲ್ಲಿ ಜನರ ಪರ ಹೇಳಿತ್ತು. ಅದನ್ನು ತಾನೇ ತಳ್ಳಿಹಾಕಿತು.

ದಾದ್ರಿ ಸಿಮೆಂಟ್ ಕಾರ್ಖಾನೆಯ ಕಥೆಯೂ ಅಷ್ಟೇ. ಪಂಜಾಬ್ ಕಡೆಯ ಜಿಂದ್ ಸಂಸ್ಥಾನದ ರಾಜ 1938ರಲ್ಲಿ ತೆರಿಗೆ ರಿಯಾಯಿತಿ ಬರೆದುಕೊಟ್ಟಿದ್ದ. ರಾಜ್ಯ ಹೋಯಿತು, ರಿಯಾಯಿತಿಯೂ ಹೋಯಿತು. 1958ರ ತೀರ್ಪು.

ಕೊಡಗಿನ_ಏಲಕ್ಕಿ:
ಅಂದರೆ ಸರ್ಕಾರಕ್ಕೆ ಬರಬೇಕಾದ ತೆರಿಗೆ, ಹಳೇ ಕಾನೂನು ಎಲ್ಲ ಉಳಿಯುತ್ತೆ, ಸರ್ಕಾರ ಕೊಡಬೇಕಾದ್ದು ಮಾತ್ರ ಉಳಿಯಲ್ಲ. ಚೆನ್ನಾಗಿದೆ ನ್ಯಾಯ.

ಹಳೇಕರಿಕೋಟು:
ಖಾರವಾಗಿ ಹೇಳಿದಿರಿ, ಪೂರ್ತಿ ಸುಳ್ಳಲ್ಲ. ಗೋವಾದಲ್ಲಿ ಪೋರ್ಚುಗೀಸರು ಕೊಟ್ಟ ಗಣಿ ಪರವಾನಗಿಗಳ ಜಗಳದಲ್ಲೂ ಇದೇ ತತ್ವ ಬಂತು. ಕೊನೆಗೆ 1987ರಲ್ಲಿ ಕಾಯ್ದೆ ಮಾಡಿ ಅವನ್ನೆಲ್ಲ ಮಾಮೂಲಿ ಗುತ್ತಿಗೆ ಮಾಡಿದರು.

ಗ್ಯಾಂಗ್ಟಕ್_ಬ್ರಾಂಚು:
ಸೇರುವಾಗ ಚೌಕಾಸಿ ಮಾಡಿ ಸೇರಿದರೆ ಲಾಭ ಇದೆ ಅನ್ನೋದಕ್ಕೆ ಸಿಕ್ಕಿಂ ನೋಡಿ. ಮೂರು ವರ್ಷ ಅಲ್ಲಿ ಬ್ಯಾಂಕ್ ಕೆಲಸ ಮಾಡಿದೆ. ಮೊದಲ ವಾರ ಒಬ್ಬ ಹಿರಿಯರ ಠೇವಣಿ ಬಡ್ಡಿಗೆ ಟಿಡಿಎಸ್ ಹಿಡಿದು ಬೈಸಿಕೊಂಡೆ. ಸಿಕ್ಕಿಂನವರಿಗೆ ಅಲ್ಲಿನ ಆದಾಯಕ್ಕೆ ತೆರಿಗೆ ಇಲ್ಲ! 1974ರಲ್ಲಿ "ಸಹ ರಾಜ್ಯ" ಅಂತ ಯಾರೂ ಕೇಳಿರದ ಒಂದು ಸ್ಥಾನ ಕೊಟ್ಟರು. 1975ರ ಏಪ್ರಿಲ್ 14ಕ್ಕೆ ಜನಮತ, ಮೇ 16ಕ್ಕೆ 22ನೇ ರಾಜ್ಯ. ಸಂವಿಧಾನಕ್ಕೆ 371ಎಫ್ ವಿಧಿ ಹಾಕಿ ಹಳೇ ಕಾನೂನು ಉಳಿಸಿದರು. ಹೊರಗಿನವರನ್ನ ಮದುವೆಯಾದ ಸಿಕ್ಕಿಂ ಹೆಣ್ಣುಮಕ್ಕಳಿಗೆ ಮಾತ್ರ ವಿನಾಯಿತಿ ಇಲ್ಲ ಅಂತಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೊಡೆದುಹಾಕ್ತು. 1975ಕ್ಕೆ ಮೊದಲೇ ಅಲ್ಲಿ ನೆಲೆಸಿದ್ದ ವ್ಯಾಪಾರಿ ಕುಟುಂಬಗಳಿಗೂ ವಿನಾಯಿತಿ ಸಿಕ್ತು.

ಐಟಿಆರ್_ಸಂಕಟ:
ನನ್ನ ಮಗಳಿಗೆ ಸಿಕ್ಕಿಂ ವರ ನೋಡ್ರಪ್ಪ.

ನಕ್ಷೆಹುಚ್ಚ:
ಸೇರಿಸೋದು ಸುಲಭ, ಬಿಟ್ಟುಕೊಡೋದೇ ಕಷ್ಟ. ಬೇರುಬಾರಿ ಅಂತ ಬಂಗಾಳದ ಒಂದು ಚೂರು. ನೆಹರೂ 1958ರಲ್ಲಿ ಅರ್ಧ ಪಾಕಿಸ್ತಾನಕ್ಕೆ ಕೊಡೋದಾಗಿ ಒಪ್ಪಿದರು. 1960ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, ರಾಜ್ಯದ ಗಡಿ ಬದಲಿಸೋ 3ನೇ ವಿಧಿಯಲ್ಲಿ ಇದು ಆಗಲ್ಲ, ದೇಶದ ನೆಲ ಬಿಡಬೇಕಾದರೆ ಸಂವಿಧಾನವೇ ತಿದ್ದಬೇಕು. ತಿದ್ದಿದರು, ಆದರೂ ಬೇರುಬಾರಿ ನಮ್ಮ ಹತ್ರಾನೇ ಉಳೀತು. 2015ರಲ್ಲಿ ಬಾಂಗ್ಲಾದ ಜೊತೆ, ಒಬ್ಬರ ನೆಲದೊಳಗೆ ಸಿಕ್ಕಿಕೊಂಡಿದ್ದ ಇನ್ನೊಬ್ಬರ ತುಂಡು ಜಾಗಗಳಲ್ಲಿ 111 ಕೊಟ್ಟು 51 ತಗೊಂಡಾಗಲೂ 100ನೇ ತಿದ್ದುಪಡಿ ಬೇಕಾಯ್ತು.

ದಮನ್ ಪಕ್ಕದ ದಾದ್ರಾ ನಗರ ಹವೇಲಿ ಕೇಳಿದ್ದೀರಾ? 1954ರಲ್ಲೇ ಪೋರ್ಚುಗೀಸರಿಂದ ಬಿಡುಗಡೆ. ಪೋರ್ಚುಗಲ್ ದಾರಿ ಹಕ್ಕು ಕೇಳಿ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, 1960ರಲ್ಲಿ ತೀರ್ಪು. ಹೀಗಾಗಿ ಏಳು ವರ್ಷ ಅದು ಯಾವ ದೇಶಕ್ಕೂ ಸೇರದ ಊರು. ಭಾರತಕ್ಕೆ ಸೇರಿಸುವ ಪತ್ರಕ್ಕೆ ಆ ಕಡೆಯಿಂದ ಸಹಿ ಹಾಕೋಕೆ ಒಬ್ಬರು ಬೇಕಲ್ಲ? ಬದ್ಲಾನಿ ಅಂತ ಐಎಎಸ್ ಅಧಿಕಾರಿಯನ್ನ 1961ರ ಆಗಸ್ಟ್ 11ಕ್ಕೆ ಒಂದು ದಿನದ ಪ್ರಧಾನಿ ಮಾಡಿದರು. ಈ ಕಡೆ ನೆಹರೂ ಸಹಿ, ಆ ಕಡೆ ಬದ್ಲಾನಿ ಸಹಿ.

ಬಂಟ್ವಾಳದ_ಬಾಬು:
ಒಂದು ದಿನದ ಪ್ರಧಾನಿಗೆ ಪಿಂಚಣಿ ಉಂಟಾ? 😄

ಹೆಸರಿಲ್ಲದವ:
ಗಡಿ ಮಾತು ಬಂದ ಮೇಲೆ ಬೆಳಗಾವಿ ಮತ್ತು ಕಾಸರಗೋಡು ವಿಷಯವೂ ಮಾತಾಡಿ. ಮಹಾರಾಷ್ಟ್ರದವರು 2004ರಲ್ಲಿ ಹಾಕಿದ ದಾವೆ

ನಿರ್ವಾಹಕ:
ಬೇಡ. ಅದಕ್ಕೆ ಬೇರೆ ಎಳೆ ಇದೆ, 1,100 ಉತ್ತರ ದಾಟಿದೆ, ನಾಲ್ಕು ಸಲ ಬೀಗ ಹಾಕಿದ್ದೇನೆ. ಇಲ್ಲಿ ಮನೆ ವಿಷಯ ಮುಂದುವರಿಸಿ.

ಸ್ವಿಂಡನ್_ಮಳೆ:
ಈ ಎಳೆ ನೋಡಿ ನಮ್ಮ ಮನೆ ಕಥೆನೇ ಅನ್ನಿಸ್ತು. ನಾನು ಶಿರಸಿಯವಳು, ನಮ್ಮ ಯಜಮಾನರು ಗೋವಾದವರು, ಇರೋದು ಇಂಗ್ಲೆಂಡಿನ ಸ್ವಿಂಡನ್. ಇಲ್ಲಿ ಗೋವಾದವರು ತುಂಬಾ ಜನ. ಯಾಕೆ ಗೊತ್ತಾ? 1961ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರನ್ನ ಪೋರ್ಚುಗಲ್ ಈಗಲೂ ತನ್ನ ಪ್ರಜೆ ಅಂತಲೇ ಲೆಕ್ಕ ಹಾಕತ್ತೆ. ಲಿಸ್ಬನ್‌ನಲ್ಲಿ ಜನನ ನೋಂದಣಿ ಮಾಡಿಸಿದರೆ ಮಕ್ಕಳಿಗೆ, ಮೊಮ್ಮಕ್ಕಳಿಗೂ ದಾರಿ ಇದೆ. ಪೋರ್ಚುಗಲ್ ಪಾಸ್‌ಪೋರ್ಟ್ ಅಂದ್ರೆ ಯುರೋಪ್ ಒಕ್ಕೂಟ, ಅಂದ್ರೆ ಇಂಗ್ಲೆಂಡಿನಲ್ಲಿ ಕೆಲಸ. ನಮ್ಮೋರು ಹಾಗೇ ಬಂದ್ರು.

ಆಮೇಲೆ ಇಂಗ್ಲೆಂಡೇ ಒಕ್ಕೂಟ ಬಿಡ್ತು! 2020ರ ಡಿಸೆಂಬರ್ 31ರ ಒಳಗೆ ಬಂದು ನೆಲೆಸಿದವರಿಗೆ ಉಳಿಯೋ ಹಕ್ಕು, ಅದೂ ಅರ್ಜಿ ಹಾಕಿದರೆ. ಆ ಡಿಸೆಂಬರ್ ತಿಂಗಳಲ್ಲಿ ನಮ್ಮ ಅಡುಗೆಮನೆ ಟೇಬಲ್ ಮೇಲೆ ನಾಲ್ಕು ಕುಟುಂಬದ ಕಾಗದ ಹರಡಿತ್ತು. ಭಾರತದ ಪಾಸ್‌ಪೋರ್ಟ್ ಬಿಟ್ಟು ಪೋರ್ಚುಗಲ್‌ದು ತಗೊಂಡವರಿಗೆ ವಾಪಸ್ ದಾರಿಯೂ ಸಲೀಸಿಲ್ಲ, ನಮ್ಮಲ್ಲಿ ಎರಡು ಪೌರತ್ವ ಇಲ್ವಲ್ಲ.

ನಕ್ಷೆಹುಚ್ಚ:
ಒಂದೇ ಸಂಸಾರಕ್ಕೆ ಒಂದು ನೆಲ ಸೇರಿದ್ದೂ ಒಂದು ನೆಲ ಬಿಟ್ಟಿದ್ದೂ ಎರಡೂ ತಾಗಿದೆ! ಯುರೋಪ್ ಒಕ್ಕೂಟದಿಂದ ಹೊರಗೆ ಹೋದವರು ಇವರೇ ಮೊದಲಲ್ಲ ಅನ್ನಿ. ಗ್ರೀನ್‌ಲ್ಯಾಂಡ್ 1982ರಲ್ಲಿ ಮತ ಹಾಕಿ 1985ರಲ್ಲಿ ಹೊರಬಂತು, ಅವರ ಜಗಳ ಮೀನಿನದ್ದು. ಸ್ಕಾಟ್ಲೆಂಡ್ ಕಥೆ ಏನು ಈಗ?

ಸ್ವಿಂಡನ್_ಮಳೆ:
2014ರಲ್ಲಿ ಮತ ಹಾಕಿ ಶೇ. 55 ಜನ ಬೇಡ ಅಂದ್ರು. ಇನ್ನೊಂದು ಸಲ ಜನಮತ ಮಾಡೋ ಅಧಿಕಾರ ಅವರ ಸಂಸತ್ತಿಗೆ ತಾನಾಗಿ ಇಲ್ಲ ಅಂತ 2022ರ ನವೆಂಬರ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳ್ತು. ಗ್ಲಾಸ್ಗೋದ ಗೆಳತಿ ಹತ್ರ ಈ ವಿಷಯ ತೆಗೆಯೋದನ್ನ ಬಿಟ್ಟಿದೀನಿ.

ಕುಂದಾ ಅವರೇ, ಒಂದು ಕೇಳೋದಿತ್ತು. ನಿಮ್ಮ ಅಕ್ಕನ ಮಾವ 1962ರಲ್ಲಿ ಪೋರ್ಚುಗಲ್ ಪ್ರಜೆಯಾಗೇ ಇರ್ತೀನಿ ಅಂತ ಏನಾದ್ರೂ ಬರಕೊಟ್ಟಿದ್ರಾ?

ಹಳೇಕರಿಕೋಟು:
ಒಳ್ಳೆ ಪ್ರಶ್ನೆ. 1962ರ ಮಾರ್ಚ್‌ನ ಪೌರತ್ವ ಆದೇಶದಲ್ಲಿ ಎಲ್ಲರೂ ಭಾರತೀಯರೇ, ಬೇಡ ಅನ್ನುವವರಿಗೆ ಒಂದು ತಿಂಗಳ ಗಡುವು. ಒಬ್ಬ ಪಾದ್ರಿ ಹಾಗೆ ಬರೆದುಕೊಟ್ಟರು. ಇಲ್ಲಿ ಉಳಿಯುವ ಪರವಾನಗಿ ಮುಗಿದ ಮೇಲೂ ಹೋಗಲಿಲ್ಲ. ಗೋವಾ ಇನ್ನೂ ಆಕ್ರಮಿತ ಪ್ರದೇಶ, ಜಿನೀವಾ ಒಪ್ಪಂದದ ಪ್ರಕಾರ ನನ್ನನ್ನು ಹೊರಗೆ ಹಾಕುವಂತಿಲ್ಲ ಎಂದು ವಾದಿಸಿದರು. ವಿಲೀನವಾದ ಮೇಲೆ ಆಕ್ರಮಣದ ಮಾತು ಮುಗಿಯಿತು ಎಂದು 1969ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೋರ್ಚುಗಲ್ ಮಾತ್ರ ಗೋವಾ ಭಾರತದ್ದು ಎಂದು ಒಪ್ಪಿಕೊಂಡದ್ದು 1974ರ ಡಿಸೆಂಬರ್ 31ರ ಒಪ್ಪಂದದಲ್ಲಿ. ಅಲ್ಲಿಯವರೆಗೆ ಅವರ ಲೆಕ್ಕದಲ್ಲಿ ಮಡಗಾಂವ್ ಪೋರ್ಚುಗಲ್ಲೇ!

ಆದರೆ ನಿಮ್ಮ ಮನೆ ಜಗಳಕ್ಕೆ ಪೌರತ್ವಕ್ಕಿಂತ ಮುಖ್ಯ ಎರಡು: ಮಾವ ಸಾಯುವಾಗ ಅವರ ಕಾಯಂ ನೆಲೆ ಯಾವುದು, ಮತ್ತು ಮದುವೆ ಎಲ್ಲಿ, ಹೇಗೆ ನೋಂದಣಿ ಆಯಿತು.

ಪೋಂಡಾ_ಕನ್ನಡಿಗ:
ಬ್ಯಾಂಕೂ ಮರೆಯಬೇಡಿ. ಪೋರ್ಚುಗೀಸ್ ಬ್ಯಾಂಕಿನಲ್ಲಿ ಅಡವಿಟ್ಟಿದ್ದ ಬಂಗಾರವನ್ನೆಲ್ಲ ಅವರು ಲಿಸ್ಬನ್‌ಗೆ ಸಾಗಿಸಿದ್ದರು. ಇಲ್ಲಿನವರಿಗೆ ಅದು ವಾಪಸ್ ಬಂದದ್ದು ಮೂವತ್ತು ವರ್ಷದ ನಂತರ. ನಮ್ಮ ಮನೆ ಮಾಲಕಿ ತನ್ನ ತಾಯಿಯ ಬಳೆ ತಂದಾಗ ಇಡೀ ಓಣಿ ನೋಡಲು ಬಂದಿತ್ತಂತೆ.

ಬೆಳಗಾವಿ_ಕುಂದಾ:
ಎಲ್ಲಾರಿಗೂ ನಮಸ್ಕಾರ್ರಿ, ನಾಕ್ ದಿನಾ ಆದಮ್ಯಾಲ ಬಂದೆ. ಸುಮಾ ಅವರ ಮಾತ ಕೇಳಿ ಅಕ್ಕ ಬೆಳಗಾವಿಗೆ ಬಂದು ಅತ್ತಿ ಮುಂದ ಕುಂತು ಎಲ್ಲಾ ಹೇಳಿದ್ಲು. ಅತ್ತಿ ಎಲ್ಲಾ ಕೇಳಿ, "ನಂದು ಎಂಟಾಣೆ ಅಂತ ನನಗ ಯಾವಾಗಿಂದನೋ ಗೊತ್ತೈತಿ. ನನ್ನ ಸಹಿ ಕೇಳಾಕ ಬರ್ತಾರಂತ ಕಾಯಾಕತ್ತೀನಿ" ಅಂದ್ರಂತ! ಮೈದುನ ಬೆವತ ಹೋದ. ಮಾರೂದು ಸದ್ಯ ನಿಂತೈತಿ.

ಮಾವ 2001ರಾಗ ವ್ಯಾಪಾರ ಮುಗಿಸಿ ಮಡಗಾಂವಕ್ಕ ಹೊಳ್ಳಿ ಹೋಗಿದ್ರು, ಅಲ್ಲೇ ತೀರಕೊಂಡ್ರು. ಮದುವಿ 1959ರಾಗ ಮಡಗಾಂವದಾಗ. ಅತ್ತಿ ಟ್ರಂಕಿನಾಗ ಒಂದ್ ಕಾಗದ ಸಿಕ್ಕೈತಿ. ಮುದ್ರಿ ಐತಿ, ಮಾವನ ಹೆಸರು ಐತಿ, 1959 ಅಂತ ಐತಿ. ಉಳದದ್ದೆಲ್ಲಾ ಪೋರ್ಚುಗೀಸ್. ಬೆಳಗಾವ್ಯಾಗ ಓದವರು ಯಾರೂ ಸಿಗವಲ್ರು.

ಕಲಬುರ್ಗಿ_ತೊಗರಿ:
ನಮ್ಮ ಉರ್ದು ಕಾಗದಕ್ಕಾದ್ರೂ ಮಸೀದಿ ಬಾಜೂ ಒಬ್ಬ ಮುನ್ಷಿ ಸಾಬ್ ಸಿಕ್ರು. ನಿಮ್ದು ಕಷ್ಟ ಅದ ನೋಡ್ರಿ.

ಸ್ವಿಂಡನ್_ಮಳೆ:
ಫೋಟೋ ಕಳಿಸಿ. ನಮ್ಮ ಅತ್ತೆ ಪಣಜಿಯ ಲಿಸಿಯಂ ಅನ್ನೋ ಪೋರ್ಚುಗೀಸ್ ಶಾಲೆಯಲ್ಲಿ ಓದಿದವರು, ಪೋರ್ಚುಗೀಸ್ ನೀರು ಕುಡಿದ ಹಾಗೆ ಓದ್ತಾರೆ. ಈಗ ನಮ್ಮ ಜೊತೆನೇ ಇದಾರೆ.

ಬೆಳಗಾವಿ_ಕುಂದಾ:
ಕಳಿಸೇನ್ರಿ, ಇನ್‌ಬಾಕ್ಸ್ ನೋಡ್ರಿ.

ಸ್ವಿಂಡನ್_ಮಳೆ:
ಅತ್ತೆ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. ಕುಂದಾ ಅವರೇ, ಇದು ಮದುವೆ ಕಾಗದ ಅಲ್ಲ. ನಿಮ್ಮ ಅಕ್ಕನ ಮಾವನ ಸೈಕಲ್ ಲೈಸೆನ್ಸ್.

ಬೆಳಗಾವಿ_ಕುಂದಾ:
😄😄 ತಡೀರಿ, ಅಟ್ಟದ ಮ್ಯಾಲ ಇನ್ನೊಂದು ಟ್ರಂಕ್ ಐತಂತ.